ಹೊಸ ಪಡೆ ಓಡಲೇಬೇಕು

ಸೆಲ್ವಿನ್ ಹೋಲ್ರಾಯ್ಡ್ ಮೂವತ್ತೈದು ವರ್ಷ ಯಾರ್ಕ್‌ಷೈರಿನ ಗುಡ್ಡದ ರಸ್ತೆಗಳಲ್ಲಿ ಬಸ್ಸು ಓಡಿಸಿದವರು. ಒಬ್ಬ ಪ್ರಯಾಣಿಕನ ಮೇಲೂ ದನಿ ಏರಿಸಿದವರಲ್ಲ. ಮನೆಯೊಳಗೆ ಕಣಜ ನುಗ್ಗಿದರೆ ಹೆಂಡತಿ ಗ್ಲೆನಿಸ್ ಪತ್ರಿಕೆ ಸುತ್ತಿಕೊಂಡು ಎದುರಿಸಬೇಕು, ಇವರು ಹಿತ್ತಲಿಗೆ ಹೋಗಿ ನಿಲ್ಲಬೇಕು. ಇಂಥ ಮನುಷ್ಯನ ಅಟ್ಟದ ಮೇಲೆ ನಾಲ್ಕು ಸಾವಿರ ಸೈನಿಕರಿದ್ದರು. ಒಬ್ಬೊಬ್ಬನೂ ಹೆಬ್ಬೆರಳಿನ ಮೇಲ್ಗಿಣ್ಣಿನಷ್ಟು ಎತ್ತರ, ಸೀಸದ ಎರಕ. ಅವರಲ್ಲಿ ಬಣ್ಣ ಕಂಡ ಪುಣ್ಯವಂತರು ಒಂಬೈನೂರು. ಉಳಿದವರು ಡಬ್ಬಿಗಳಲ್ಲಿ ಮಲಗಿ, ಸೆಲ್ವಿನ್ ಅವರಿಗೆ ಪುರುಸೊತ್ತಾಗುವುದನ್ನೇ ಕಾಯುತ್ತಿದ್ದರು. ನಿವೃತ್ತರಾಗಿ ಎಂಟು ವರ್ಷವಾದರೂ ಆ ಪುರುಸೊತ್ತು ಬಂದಿರಲಿಲ್ಲ.

ಈ ಸಲ ಮಾತ್ರ ಒಂದು ಪಡೆ ಮುಗಿದಿತ್ತು. ಇನ್ನೂರು ವರ್ಷ ಹಿಂದಿನ ಆಸ್ಟ್ರಿಯದ ಬಿಳಿ ಕೋಟಿನ ಕಾಲಾಳುಗಳು, ಮೂವತ್ತಾರು ಜನ. ಹಿಡಿದದ್ದು ಆರು ವರ್ಷ. ಮೊದಲ ಇಪ್ಪತ್ತಾರು ಜನರ ಕಣ್ಣುಗಳು ನೇರವಾಗಿ ಶತ್ರುವನ್ನು ನೋಡುತ್ತಿದ್ದವು. ಕೊನೆಯ ಹತ್ತು ಜನಕ್ಕೆ ಮೆಳ್ಳೆಗಣ್ಣು. ಅವರನ್ನು ಹಿಂದಿನ ಸಾಲಿಗೆ ನಿಲ್ಲಿಸಿದ್ದರು.

ಮೆಳ್ಳೆಗಣ್ಣಿಗೆ ಕಾರಣ ಸೆಲ್ವಿನ್ ಅವರ ಬಲಗೈ. ಎರಡು ಚಳಿಗಾಲದಿಂದ ಅದು ನಡುಗುತ್ತಿತ್ತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದರು. ಗ್ಲೆನಿಸ್ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಗೊತ್ತಾಗಕೂಡದು ಎಂಬುದೇ ಅವರಿಗಿದ್ದ ಒಂದೇ ಚಿಂತೆ. ಇಂಥ ಸೈನಿಕರನ್ನು ಭಾನುವಾರಗಳಂದು ಮೇಜಿನ ಮೇಲೆ ಕಾದಾಡಿಸುವ ಕ್ಲಬ್ಬೊಂದಿತ್ತು. ಹಿಂದೆ ಆ ಕ್ಲಬ್ಬಿನ ವಿಲ್ಫ್ರೆಡ್‌ಗೆ ಕಣ್ಣು ಮಂಜಾದಾಗ ಎಲ್ಲರೂ ಅವನೊಂದಿಗೆ ಮೆಲ್ಲಗೆ ಮಾತಾಡತೊಡಗಿದರು, ಬೇಕೆಂದೇ ಸೋತರು. ವರ್ಷ ಕಳೆಯುವುದರೊಳಗೆ ವಿಲ್ಫ್ರೆಡ್ ಬರುವುದನ್ನೇ ಬಿಟ್ಟ. ಅಷ್ಟೊಂದು ಗೆಲುವನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ತನಗೂ ಅದೇ ಗತಿಯಾದರೆ ಭಾನುವಾರಗಳನ್ನು ಏನು ಮಾಡುವುದು ಎಂದು ಸೆಲ್ವಿನ್ ಹೆದರಿದ್ದರು.

ನವೆಂಬರಿನ ಆ ಭಾನುವಾರ ಥಾರ್ನ್‌ಬೆಕ್ ಊರಿನ ಆಟದ ಸಭಾಂಗಣದಲ್ಲಿ ಸೀಸದ ಸೈನಿಕರ ವರ್ಷದ ಪ್ರದರ್ಶನ ಮತ್ತು ಮಾರಾಟ. ಬಾಗಿಲು ತೆರೆಯುವ ಮೊದಲೇ ಬೆನ್ನಚೀಲ ಹೊತ್ತ ಗಂಡಸರ ಸಾಲು. ಈ ಸಲ ಏನೂ ಕೊಳ್ಳುವುದಿಲ್ಲ ಎಂದು ಒಬ್ಬೊಬ್ಬರೂ ಮನೆಯಲ್ಲಿ ಆಣೆ ಮಾಡಿ ಬಂದವರು. ಹತ್ತೂವರೆಗೆಲ್ಲ ಎಲ್ಲರ ಚೀಲವೂ ಉಬ್ಬಿತ್ತು. ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಮೇಜುಗಳು, ಮೇಜುಗಳ ಮೇಲೆ ಪುಟಾಣಿ ಗುಡ್ಡ, ಹಳ್ಳ, ಚರ್ಚು, ಹುಲ್ಲಿನ ಬಣವೆ. ಬಾಗಿಲಿನ ಪಕ್ಕ ಬ್ರೆಡ್ಡಿನ ನಡುವೆ ಹಂದಿಮಾಂಸ ಇಟ್ಟು ಮಾರುವ ಹೆಂಗಸಿನ ಮುಂದೆ ಎಲ್ಲ ಕಡೆಗಿಂತ ಹೆಚ್ಚು ನೂಕುನುಗ್ಗಲು.

ಎದುರಾಳಿ ಹ್ಯೂಬರ್ಟ್ ಸಗ್ಡನ್. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಕ್ಲಬ್ಬಿನ ನಿಯಮ ಪುಸ್ತಕ ಬರೆದವರು. ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಹುಟ್ಟಿದವರಂತೆ ಇರುತ್ತಿದ್ದರು. ಹೊಸ ಪಡೆ ಮೇಜಿಗೆ ಇಳಿದ ಕೂಡಲೇ ಕನ್ನಡಕ ಏರಿಸಿ ಬಗ್ಗಿದರು.

"ಆರು ವರ್ಷಕ್ಕೆ ಮೂವತ್ತಾರು. ಅಂದ್ರೆ ಎರಡು ತಿಂಗಳಿಗೊಬ್ಬ. ಅಷ್ಟು ಹೊತ್ತಿಗೆ ನಿಜವಾದ ಯುದ್ಧವೇ ಮುಗಿದು ಹೋಗ್ತಿತ್ತು ಕಣಯ್ಯ."

"ಚೆನ್ನಾಗಿದೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಓಡಿ ಹೋಗೋರನ್ನ ಹೊಗಳಿ ಏನು ಪ್ರಯೋಜನ?"

ಆ ಆಟಗಾರರಲ್ಲಿ ಇದು ಶಾಸ್ತ್ರದಷ್ಟೇ ಗಟ್ಟಿ. ಹೊಸದಾಗಿ ಬಣ್ಣ ಕಂಡ ಪಡೆ ಮೊದಲ ಕಾಳಗದಲ್ಲಿ ಕಾಲಿಗೆ ಬುದ್ಧಿ ಹೇಳಲೇಬೇಕು. ಯಾಕೆಂದು ಯಾರಿಗೂ ಗೊತ್ತಿಲ್ಲ, ಆದರೆ ಎಲ್ಲರೂ ಕಣ್ಣಾರೆ ಕಂಡವರೇ. ಸೆಲ್ವಿನ್ ಇದಕ್ಕೊಂದು ಉಪಾಯ ಮಾಡಿದ್ದರು. ಗುರುವಾರ ಮಧ್ಯಾಹ್ನ ಗ್ಲೆನಿಸ್ ಅವರನ್ನು ಎದುರಿಗೆ ಕೂರಿಸಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಗುಟ್ಟಾಗಿ ಒಂದು ಕಾಳಗ ಆಡಿದರು. ಓಡುವುದಿದ್ದರೆ ಅಲ್ಲೇ ಓಡಿಬಿಡಲಿ ಎಂದು. ಪಡೆ ದಾಳಿಯಾದ ಮೂರು ಸಲವೂ ಬಂಡೆಯ ಹಾಗೆ ನಿಂತಿತು. ಓಟ ಭಾನುವಾರಕ್ಕೇ ಉಳಿಯಿತಲ್ಲ ಎಂದು ಸೆಲ್ವಿನ್ ತಲೆ ಮೇಲೆ ಕೈ ಹೊತ್ತು ಕೂತರು.

"ಗೆದ್ರೂ ಅಳೋ ಗಂಡಸನ್ನ ನಾನು ಇವತ್ತೇ ನೋಡಿದ್ದು" ಎಂದು ಗ್ಲೆನಿಸ್ ಆಲೂಗಡ್ಡೆ ಸುಲಿಯಲು ಎದ್ದುಹೋಗಿದ್ದರು.

ಭಾನುವಾರ ಮಧ್ಯಾಹ್ನದವರೆಗೆ ಎಲ್ಲ ಸಲೀಸಾಗಿ ನಡೆಯಿತು. ಸೆಲ್ವಿನ್ ಬಲಗೈಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಭುಜ ಉಳುಕಿದೆ ಎಂದು ಸುಳ್ಳು ಹೇಳಿ, ಪಡೆಗಳನ್ನು ಸರಿಸುವ ಕೆಲಸವನ್ನು ಕ್ರೇಗ್‌ಗೆ ವಹಿಸಿದ್ದರು. ಕ್ರೇಗ್‌ಗೆ ನಲವತ್ತೊಂದು ವರ್ಷ, ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಆದರೆ ದಾಳವನ್ನು ಮಾತ್ರ ಸೆಲ್ವಿನ್ ತಾವೇ ಎಸೆಯಬೇಕು. ತನ್ನ ಸೈನಿಕರ ಹಣೆಬರಹವನ್ನು ಇನ್ನೊಬ್ಬರ ಕೈಗೆ ಕೊಡುವವನನ್ನು ಅಲ್ಲಿ ಯಾರೂ ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಸೆಲ್ವಿನ್ ಎಡಗೈಯಲ್ಲಿ ಚಹಾದ ಲೋಟ ಹಿಡಿದು, ಬಲಗೈಯನ್ನು ಥಟ್ಟನೆ ತೆಗೆದು, ದಾಳ ಬೀಸಿ, ಮತ್ತೆ ಜೇಬಿಗೆ ಸೇರಿಸುತ್ತಿದ್ದರು.

ಎರಡು ಗಂಟೆಯ ಹೊತ್ತಿಗೆ ಹ್ಯೂಬರ್ಟ್ ತಮ್ಮ ಕುದುರೆ ಪಡೆಯನ್ನು ಬಿಳಿ ಕೋಟಿನವರ ಮೇಲೆ ಬಿಟ್ಟರು. ಸುತ್ತ ಹತ್ತು ಹನ್ನೆರಡು ಜನ ಸೇರಿದರು. ಎರಡು ದಾಳ ಸೇರಿ ಏಳೋ ಹೆಚ್ಚೋ ಬಿದ್ದರೆ ಪಡೆ ನಿಲ್ಲುತ್ತದೆ, ಕಡಿಮೆಯಾದರೆ ಓಟ. ಸೆಲ್ವಿನ್ ಕೈ ಹೊರತೆಗೆದರು. ಜನ ನೋಡುತ್ತಿದ್ದದ್ದಕ್ಕೋ ಏನೋ, ಅದು ಹಿಂದೆಂದೂ ನಡುಗದಷ್ಟು ನಡುಗಿತು. ದಾಳಗಳು ಮುಷ್ಟಿಯೊಳಗೇ ಕಟಕಟ ಎಂದವು. ಒಂದು ಮೇಜಿನ ಮೇಲೆ ಬಿತ್ತು: ಮೂರು. ಇನ್ನೊಂದು ಚರ್ಚಿನ ಗೋಪುರಕ್ಕೆ ತಾಗಿ ನೆಲಕ್ಕೆ ಹಾರಿತು. ಕ್ರೇಗ್ ಬಗ್ಗಿ ನೋಡಿದ.

"ಆರು."

ಯಾರೂ ದಾಳವನ್ನು ನೋಡುತ್ತಿರಲಿಲ್ಲ. ಎಲ್ಲರೂ ಆ ಕೈಯನ್ನು ನೋಡುತ್ತಿದ್ದರು. ಸೆಲ್ವಿನ್‌ಗೆ ಅದನ್ನು ಜೇಬಿಗೆ ಹಾಕುವುದೂ ಮರೆತುಹೋಯಿತು. ಕ್ರೇಗ್ ಮೇಲೆದ್ದ, ದನಿ ತಗ್ಗಿಸಿದ.

"ಒಂಬತ್ತಾಯ್ತು. ನಿಂತ್ರು ಅನ್ನೋಣ ಬಿಡಿ ಹ್ಯೂಬರ್ಟ್. ಇವತ್ತೊಂದು ದಿನ."

ಆ ಮೆತ್ತನೆಯ ದನಿ ಸೆಲ್ವಿನ್‌ಗೆ ಗೊತ್ತಿತ್ತು. ವಿಲ್ಫ್ರೆಡ್‌ನ ಜೊತೆ ಅದೇ ದನಿಯಲ್ಲಿ ತಾವೂ ಮಾತಾಡಿದ್ದರು. ಮುಂದಿನ ವರ್ಷ ಬರುವುದಿಲ್ಲ ಎಂದು ಆ ಕ್ಷಣದಲ್ಲೇ ನಿಶ್ಚಯಿಸಿದರು.

ಹ್ಯೂಬರ್ಟ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಏನು ಅನ್ನೋಣ? ನೆಲಕ್ಕೆ ಬಿದ್ದ ದಾಳ ಲೆಕ್ಕಕ್ಕಿಲ್ಲ. ಹದಿನಾಲ್ಕನೇ ಪುಟ. ಮತ್ತೆ ಎಸಿ ಸೆಲ್ವಿನ್, ಬೇಗ. ನನ್ನ ಕುದುರೆಗಳು ಕಾಯ್ತಿವೆ."

ಸುತ್ತಲಿನವರು ಹ್ಯೂಬರ್ಟ್ ಅವರನ್ನು ದುರುಗುಟ್ಟಿ ನೋಡಿದರು. ಕಲ್ಲೆದೆಯವನು ಎಂದು ಯಾರೋ ಗೊಣಗಿದರು ಕೂಡ. ಸೆಲ್ವಿನ್‌ಗೆ ಮಾತ್ರ ಆ ಮುದುಕನನ್ನು ತಬ್ಬಿಕೊಳ್ಳಬೇಕೆನಿಸಿತು. ಎರಡು ದಾಳಗಳನ್ನೂ ಎತ್ತಿಕೊಂಡು ಎಸೆದರು. ಬಿದ್ದದ್ದು ಒಂದು, ಎರಡು; ಸೇರಿ ಮೂರು.

ಬಿಳಿ ಕೋಟಿನವರು ಮೆಳ್ಳೆಗಣ್ಣಿನವರನ್ನು ಮುಂದಿಟ್ಟುಕೊಂಡು ಓಡಿದರು. ಗುಡ್ಡ ದಾಟಿ, ಹಳ್ಳ ದಾಟಿ, ಮೇಜಿನ ಅಂಚಿನವರೆಗೂ. ಹ್ಯೂಬರ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗುವಿನಲ್ಲಿ ಒಂದಿಷ್ಟೂ ಕರುಣೆ ಇರಲಿಲ್ಲ.

"ಆರು ವರ್ಷ ಸಾಕಿದೆಯಲ್ಲೋ, ಓಡೋದಕ್ಕೇ ಕಲಿಸಿದೆಯಾ?"

"ನಗು, ನಗು. ಸಂಜೆ ಅಷ್ಟೊತ್ತಿಗೆ ಯಾರು ಓಡ್ತಾರೆ ನೋಡೋಣ" ಎಂದರು ಸೆಲ್ವಿನ್. ಕಣ್ಣು ತುಂಬಿ ಬಂದಿತ್ತು. ಚಹಾ ಬಿಸಿ ಎಂದುಕೊಳ್ಳಲಿ ಎಂದು ಲೋಟಕ್ಕೆ ಬಾಯಿಟ್ಟರು.

ಹ್ಯೂಬರ್ಟ್ ತಮ್ಮ ಚೀಲದಿಂದ ಊಟದ ಡಬ್ಬಿ ತೆಗೆದರು. ಒಳಗಿದ್ದ ಸ್ಯಾಂಡ್‌ವಿಚ್ಚನ್ನು ಬರಿ ಮೇಜಿನ ಮೇಲೆ, ಹಳ್ಳದ ಪಕ್ಕದಲ್ಲೇ ಇಟ್ಟರು. ಖಾಲಿ ಡಬ್ಬಿಯನ್ನು ಸೆಲ್ವಿನ್ ಕಡೆಗೆ ತಳ್ಳಿದರು.

"ಇನ್ಮೇಲೆ ಇದರೊಳಗೆ ಎಸಿ. ನೆಲದ ಮೇಲೆಲ್ಲ ದಾಳ ಹುಡುಕಿ ಹುಡುಕಿ ನನ್ನ ಸೊಂಟ ಹೋಗುತ್ತೆ."

ಬಗ್ಗಿ ಹುಡುಕಿದವನು ಕ್ರೇಗ್. ಸೆಲ್ವಿನ್ ಬಲಗೈಯನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು, ಮುಂದಿನ ಸರದಿಗೆ ಕಾದರು.