ಸ್ಥಾವರದ ಗೇಟಿನ ಮುಂದಿನ ದಾರಿ

ಶಾಲೆಯ ಬಸ್ಸು ಓಡಿಸುತ್ತಿದ್ದ ಆಕೆಯನ್ನು ಊರೆಲ್ಲ ಬಸ್ಸಕ್ಕ ಎಂದೇ ಕರೆಯುತ್ತಿತ್ತು. ಗಂಡ ಬೆನ್ನುನೋವಿಗೆ ಸ್ಟೇರಿಂಗ್ ಬಿಟ್ಟಾಗ ಬಸ್ಸಿನ ಜೊತೆ ಅವನ ಜೋರುಬಾಯಿಯೂ ತನಗೇ ಬಂತು ಎಂದು ನಗುತ್ತಿದ್ದಳು. ಹಿಂದಿನ ಸೀಟಿನಲ್ಲಿ ಯಾರು ಯಾರ ಜಡೆ ಎಳೆದರು ಎಂಬುದು ಕನ್ನಡಿ ನೋಡದೆಯೇ ಅವಳಿಗೆ ಗೊತ್ತಾಗುತ್ತಿತ್ತು.

ಊರಿನ ತುದಿಯಲ್ಲಿ ಅಣು ವಿದ್ಯುತ್ ಸ್ಥಾವರ. ಅಲ್ಲೇನಾದರೂ ಹೆಚ್ಚುಕಮ್ಮಿಯಾದರೆ ಜನರನ್ನು ಊರಾಚೆ ಸಾಗಿಸುವ ಹೊಣೆ ಪುರಸಭೆಯದು. ಅದಕ್ಕೆಂದು ವರ್ಷಕ್ಕೊಮ್ಮೆ ತಾಲೀಮು ನಡೆಯಬೇಕಿತ್ತು. ಅಲ್ಲಿಯವರೆಗೆ ಕಾಗದದಲ್ಲೇ ನಡೆದುಹೋಗುತ್ತಿದ್ದದ್ದು, ತಪಾಸಣೆಯವರು ಬರುತ್ತಾರೆಂಬ ಭಯಕ್ಕೆ ಆ ಸಲ ನಿಜವಾಗಿಯೇ ನಡೆಯಿತು.

ಸೈರನ್ ಕೂಗಿತು. ಮಕ್ಕಳು ಗಲಾಟೆ ಮಾಡುತ್ತ ಬಸ್ಸು ಹತ್ತಿದರು. ಪುರಸಭೆಯ ಆರೋಗ್ಯ ನಿರೀಕ್ಷಕ ಕಿಟಕಿಯಿಂದ ಹೋಗಬೇಕಾದ ದಾರಿಯ ನಕಾಶೆ ಕೊಟ್ಟ. ಬಸ್ಸಕ್ಕ ಅದನ್ನು ಸ್ಟೇರಿಂಗಿನ ಮೇಲೆ ಹರವಿ ನೋಡಿದವಳೇ ಎಂಜಿನ್ ಆರಿಸಿದಳು.

"ಏನ್ ಸ್ವಾಮಿ ಇದು? ಈ ದಾರಿ ಸ್ಥಾವರದ ಗೇಟಿನ ಮುಂದೇನೇ ಹೋಗುತ್ತಲ್ಲ?"

"ಹೆದ್ದಾರಿಗೆ ಅದೇ ಹತ್ತಿರ ಅಕ್ಕ. ಬರೀ ತಾಲೀಮು ತಾನೇ, ಸುಮ್ನೆ ಹೋಗ್ಬನ್ನಿ."

"ಬೆಂಕಿ ಬಿದ್ದ ಮನೆ ಬಾಗಿಲಿಗೇ ಮಕ್ಕಳನ್ನ ಕರ್ಕೊಂಡು ಹೋಗೋದು ಯಾವ ಸೀಮೆ ತಾಲೀಮು?"

ಅವಳು ಸ್ಥಾವರದಿಂದ ದೂರ ಹೋಗುವ, ಹಳೆಯ ರೈಲುಹಳಿಯ ಪಕ್ಕದ ರಸ್ತೆಗೆ ಬಸ್ಸು ತಿರುಗಿಸಿದಳು. ಅರ್ಧ ದಾರಿಯಲ್ಲಿ ಪುರಸಭೆಯ ಲಾರಿಗಳೇ ಸುರಿದಿದ್ದ ಕಸದ ರಾಶಿ ರಸ್ತೆಯನ್ನೇ ನುಂಗಿತ್ತು. ಮಕ್ಕಳು ಮೂಗು ಹಿಡಿದು ನಕ್ಕರು. ಒಬ್ಬಳು ಪುಟ್ಟಿ ಮಾತ್ರ ಗಂಭೀರವಾಗಿ, "ಅಕ್ಕಾ, ನಾವೀಗ ಬಚಾವಾದ್ವಾ?" ಎಂದಳು. ಬಸ್ಸಕ್ಕನ ಮೈಯೆಲ್ಲ ಉರಿದುಹೋಯಿತು.

ಹಿಮ್ಮುಖವಾಗಿಯೇ ಬಸ್ಸು ಹೊರಳಿಸಿ ನೇರ ಪುರಸಭೆಗೆ ಬಂದಳು. ಸಭಾಂಗಣದಲ್ಲಿ ಅಧ್ಯಕ್ಷರ ಭಾಷಣ ನಡೆದಿತ್ತು: ತಾಲೀಮು ಯಶಸ್ವಿ, ಎಲ್ಲ ವಾಹನಗಳೂ ಹೆದ್ದಾರಿ ಸೇರಿವೆ. ಬಸ್ಸಕ್ಕ ಮಕ್ಕಳ ದಂಡಿನೊಂದಿಗೆ ಒಳಗೆ ಬಂದಳು.

"ಅಧ್ಯಕ್ಷರೇ, ನನ್ ಬಸ್ಸು ನಿಮ್ಮ ಅಂಗಳದಲ್ಲೇ ನಿಂತಿದೆ."

ಗೇಟಿನ ದಾರಿ, ಕಸದ ರಾಶಿ ಎರಡನ್ನೂ ಅವಳ ಬಾಯಿಂದ ಕೇಳಿದ ಅಧ್ಯಕ್ಷರು ಪಕ್ಕದಲ್ಲಿ ಕೂತಿದ್ದ ಸ್ಥಾವರದ ಅಧಿಕಾರಿಯ ಕಡೆ ನೋಡಿದರು. ಅವರು ಕನ್ನಡಕ ಒರೆಸುತ್ತ, "ನಮ್ಮ ಗೋಡೆಯಾಚೆಗಿನದು ಪುರಸಭೆಯ ಹೊಣೆ" ಎಂದರು.

"ನಕಾಶೆ ಮಾಡಿಕೊಟ್ಟೋರು ನೀವೇ ಅಲ್ವಾ?" ಎಂದರು ಅಧ್ಯಕ್ಷರು.

"ಸಹಿ ಹಾಕಿದ್ದು ನೀವು."

"ಆಯ್ತು, ಆಮೇಲೆ ಜಗಳ ಆಡಿ," ಎಂದಳು ಬಸ್ಸಕ್ಕ. "ನಿಮ್ಮಲ್ಲಿ ಯಾರಾದ್ರೂ ಒಬ್ರು, ಒಂದೇ ಒಂದ್ಸಲ ಆ ದಾರೀಲಿ ಹೋಗಿ ನೋಡಿದ್ದೀರಾ? ಮಕ್ಕಳ ಜೀವ ಅಂದ್ರೆ ನಿಮಗೆ ಅಷ್ಟು ಸದರಾನಾ?"

ಅಧ್ಯಕ್ಷರು ಭಾಷಣದ ಹಾಳೆ ಮಡಚಿ ಜೇಬಿಗಿಟ್ಟರು.

ಮರುದಿನವೇ ಅಶಿಸ್ತಿನ ನೆಪ ಹೇಳಿ ಶಾಲೆಯವರು ಅವಳನ್ನು ಕೆಲಸದಿಂದ ಬಿಡಿಸಿದರು. ತಪ್ಪು ಮಾಡಿದವರು ಕುರ್ಚಿಯಲ್ಲಿ, ಕೇಳಿದವಳು ಬೀದಿಯಲ್ಲಿ. ಆದರೆ ತಾಯಂದಿರು ಹೊಸ ಡ್ರೈವರಿನ ಬಸ್ಸಿಗೆ ಮಕ್ಕಳನ್ನು ಹತ್ತಿಸಲೇ ಇಲ್ಲ. ಬಿಸಿಲಲ್ಲಿ ನಡೆಸಿಕೊಂಡೇ ಹೋದರು. ಶಾಲೆಯವರು ಬೇರೆ ದಾರಿ ಕಾಣದೆ ಅವಳನ್ನು ವಾಪಸ್ಸು ಕರೆದರು.

ಕಸ ತೆಗೆಸಿದ್ದಾರೆ. ನಕಾಶೆ ಮಾತ್ರ ಇನ್ನೂ "ಪರಿಶೀಲನೆಯಲ್ಲಿದೆ". ಪುರಸಭೆಯ ಪ್ರತಿ ಸಭೆಗೂ ಬಸ್ಸಕ್ಕ ಹೋಗಿ ಸಾರ್ವಜನಿಕರ ಬೆಂಚಿನಲ್ಲಿ ಕೂರುತ್ತಾಳೆ, ಎದ್ದು ನಿಂತು ನಕಾಶೆ ಏನಾಯಿತೆಂದೇ ಕೇಳುತ್ತಾಳೆ. ಈಚೆಗೆ ಆ ಬೆಂಚಿನಲ್ಲಿ ನಾಲ್ಕಾರು ತಾಯಂದಿರೂ ಕೂರತೊಡಗಿದ್ದಾರೆ.