ಅರ್ಧ ತುಟಿ ಬೆಳ್ಳಗಾದ ಬೆಳಿಗ್ಗೆ

1993ರ ಹೊತ್ತಿಗೆ ನಾನು ರಾಣೆಬೆನ್ನೂರಿನಲ್ಲಿ ಚರ್ಮರೋಗ ತಜ್ಞೆಯಾಗಿ ಸ್ವಂತ ದವಾಖಾನೆ ತೆರೆದು ಆರು ವರ್ಷವಾಗಿತ್ತು. ಗುರುವಾರ ಬ್ಯಾಡಗಿಗೆ, ಶನಿವಾರ ಹಾವೇರಿಗೆ ಹೋಗಿ ಕೂರುತ್ತಿದ್ದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಉರಿಯುವ ಕೈಗಳು, ಹಾವೇರಿಯಲ್ಲಿ ಗಜಕರ್ಣ, ತುರಿ, ತೊನ್ನು. ನನಗೊಂದು ಅಡ್ಡಹೆಸರೂ ಬಿದ್ದಿತ್ತು: ಬೈಯೋ ಬಾಯಾರು. ನಮ್ಮ ಕಡೆ ಹೆಣ್ಣು ಡಾಕ್ಟರಿಗೆ ಬಾಯಾರು ಅನ್ನುತ್ತಾರೆ; ಬೈಯುವುದು ನಾನು ಸೇರಿಸಿದ್ದು. ಬರೆದುಕೊಟ್ಟ ಮುಲಾಮು ಬಿಟ್ಟು ಅಂಗಡಿಯವನು ಕೊಟ್ಟದ್ದನ್ನು ಬಳಿದುಕೊಂಡು ಮುಖ ಸುಟ್ಟುಕೊಂಡು ಬಂದವರನ್ನು ಮುದ್ದು ಮಾಡಲು ನನಗಂತೂ ಬರುವುದಿಲ್ಲ.

ಆ ವರ್ಷ ಫಕ್ಕೀರವ್ವ ಬಂದಳು. ಗುತ್ತಲದ ಕಡೆಯ ಹಳ್ಳಿಯವಳು, ಮೂವತ್ತರ ಆಸುಪಾಸು. ಎಡಗೆನ್ನೆಯಲ್ಲಿ ನಿಂಬೆಹಣ್ಣು ಕೂರುವಷ್ಟು ತಗ್ಗು. ಚರ್ಮದ ಕೆಳಗಿನ ಕೊಬ್ಬಿಗೆ ಬಾವು ಬಂದು, ಆ ಕೊಬ್ಬನ್ನೇ ಕರಗಿಸುವ ಲೂಪಸ್ ಎಂಬ ಕಾಯಿಲೆಯ ಗುರುತು ಅದು. ಕಾಯಿಲೆ ತಣ್ಣಗಾಗಿ ಎರಡು ವರ್ಷ ಕಳೆದಿತ್ತು, ತಗ್ಗು ಮಾತ್ರ ಉಳಿದಿತ್ತು. ಅವಳು ಟೊಮೆಟೊ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಮಾಡುವವಳು. ಸಣ್ಣ ಮೊಗ್ಗನ್ನು ಬಿಡಿಸಿ, ಚಿಮುಟದಿಂದ ಗಂಡು ಕೇಸರ ಕಿತ್ತು, ನಡುವಿನ ಹೆಣ್ಣು ಭಾಗಕ್ಕೆ ಏಟಾಗದಂತೆ ಬೇರೆ ಗಿಡದ ಪರಾಗ ಮುಟ್ಟಿಸುವ ಕೆಲಸ. ಕೂದಲೆಳೆಯಷ್ಟು ತಪ್ಪಿದರೆ ಹೂವು ಹೋಯಿತು.

"ಮಾರಿ ಚಂದ ಕಾಣಲಿ ಅಂತ ಬಂದಿಲ್ರೀ ಬಾಯಾರ" ಎಂದಳು. "ದೊಡ್ಡ ರೋಗ ಐತಿ ಅಂತ ತಿಳದಾರ. ಹೊಲದಾಗ ನನ್ನ ಬುತ್ತಿ ಯಾರೂ ಮುಟ್ಟಂಗಿಲ್ಲ. ನಾನಽ ದೂರ ಹೋಗಿ ಕುಂದರ್ತೇನ್ರಿ."

ದೊಡ್ಡ ರೋಗ ಅಂದರೆ ಕುಷ್ಠ. ಅದಲ್ಲವೆಂದು ನಾನು ಚೀಟಿ ಬರೆದುಕೊಡಬಹುದಿತ್ತು. ಆದರೆ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಡಾಕ್ಟರ ಚೀಟಿ ಓದುವವರು ಯಾರು?

ಈಗ ಮುಖದ ತಗ್ಗು ತುಂಬಲು ತರಹೇವಾರಿ ಫಿಲ್ಲರ್‌ಗಳು ಟ್ಯೂಬಿನಲ್ಲಿ ಸಿಗುತ್ತವೆ. ಆಗ ನಮ್ಮ ಕೈಗೆ ಎಟುಕುತ್ತಿದ್ದದ್ದು ಒಂದೇ ದಾರಿ: ರೋಗಿಯ ಹೊಟ್ಟೆಯಿಂದಲೇ ಸ್ವಲ್ಪ ಕೊಬ್ಬು ಹೀರಿ, ಅದನ್ನು ಕೆನ್ನೆಯೊಳಗೆ ಸೂಜಿಯಿಂದ ಇಡುವುದು. ಮುಂಬಯಿಯಲ್ಲಿ ಕೆಲವು ದಿನ ನಿಂತು ಕಲಿತು ಬಂದಿದ್ದೆ, ನಾಲ್ಕು ಜನರಿಗೆ ಮಾಡಿಯೂ ಇದ್ದೆ. ಎಲ್ಲವೂ ಸಲೀಸಾಗಿ ಆಗಿದ್ದವು. ಅದೇ ಕೆಟ್ಟದ್ದಾಯಿತು ಅನ್ನಿಸುತ್ತದೆ ಈಗ.

ಅಪಾಯ ಏನೆಂದು ಗೊತ್ತಿಲ್ಲದೆ ಇರಲಿಲ್ಲ. ಕೆನ್ನೆಯ ರಕ್ತನಾಳ ದವಡೆಯ ಮೇಲಿಂದ ಹತ್ತಿ, ತುಟಿಗೆ ಕವಲು ಕೊಟ್ಟು, ಮೂಗಿನ ಪಕ್ಕದಲ್ಲೇ ಏರಿ ಕಣ್ಣಿನ ಒಳಮೂಲೆಯಲ್ಲಿ ಕಣ್ಣಿನ ನಾಳಗಳೊಂದಿಗೆ ಸೇರುತ್ತದೆ. ಸೂಜಿಯ ತುದಿ ನಾಳದೊಳಗಿದ್ದು, ಮೇಲಿಂದ ಜೋರಾಗಿ ತಳ್ಳಿದರೆ, ಕೊಬ್ಬಿನ ಕಣ ಹರಿವಿಗೆ ಎದುರಾಗಿ ಹೋಗಿ ಕಣ್ಣಿನ ಹಿಂದೆ ಕೂತುಬಿಡಬಹುದು. ಹಾಗೆ ಹೋದ ದೃಷ್ಟಿ ತಿರುಗಿ ಬರುವುದು ಬಲು ಅಪರೂಪ. ಇದನ್ನು ಅವಳಿಗೆ ಹೇಳಿದೆ.

ಅವಳು ಎಡಗಣ್ಣಿನ ಮೇಲೆ ಬೆರಳಿಟ್ಟುಕೊಂಡಳು. "ನನ್ನ ಹೊಟ್ಟಿ ತುಂಬೋದಽ ಕಣ್ಣಿಂದ್ರಿ. ನೀವ ಹುಷಾರಾಗಿ ಮಾಡ್ತೀರಲ್ರಿ?"

"ಮಾಡ್ತೇನವ್ವಾ" ಎಂದೆ.

ಒಂದು ಮಂಗಳವಾರ ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ಬಂದಳು. ನೋಡಿದರೆ ಮುಖಕ್ಕೆ ಗಟ್ಟಿಯಾಗಿ ಅರಿಶಿನ! ಮುಖ ಬರಿದಾಗಿರಬೇಕೆಂದು ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಆದರೆ ಬೈಸಿಕೊಂಡದ್ದು ಅವರು.

"ಮಂಗಳಾರ ಮನಿ ಬಿಟ್ಟ ಹೊಂಟಾಕಿ, ಮುತ್ತೈದಿ, ಬರೇ ಮಾರೀಲೆ ಹೆಂಗ ಕರ್ಕೊಂಡ ಬರ್ಲಿರೀ?" ಎಂದಳು ಅತ್ತೆ. "ಸೂಜಿ ಚುಚ್ಚತಾರಂತ ನಾನಽ ಮುಂದ ನಿಂತು ಎರಡ ಸಲ ಹಚ್ಚೇನಿ. ಅರಿಷಿಣ ಇದ್ರ ನಂಜ ಏರಂಗಿಲ್ಲ."

ಸಿಸ್ಟರ್ ಸಾಬೂನು ಹಚ್ಚಿ ತೊಳೆದಳು, ಸ್ಪಿರಿಟ್ಟಿನಿಂದ ಒರೆಸಿದಳು. ಪುಡಿ ಹೋಯಿತು, ಬಣ್ಣ ಹೋಗಲಿಲ್ಲ. ವರ್ಷಗಟ್ಟಲೆ ಮಿಂದ ಅರಿಶಿನ ಅಷ್ಟು ಲಗೂ ಬಿಡುವುದೇ? ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಶುದ್ಧವಾಗಿದೆಯಲ್ಲ, ಸಾಕು ಎಂದುಕೊಂಡೆ. ಮುಖದ ಬಣ್ಣ ಓದಲು ಬೇಕಾಗುತ್ತದೆ ಎನ್ನುವುದು ತಲೆಗೆ ಹೊಳೆಯಲಿಲ್ಲ.

ಹೊಕ್ಕುಳ ಕೆಳಗಿನಿಂದ ಹದಿನೈದು ಮಿಲಿಲೀಟರ್ ಕೊಬ್ಬು ತೆಗೆದು, ಸಿರಿಂಜಿನಲ್ಲೇ ನಿಲ್ಲಿಸಿ, ಕೆಳಗೆ ಇಳಿದ ರಕ್ತ, ನೀರು ಚೆಲ್ಲಿದೆ. ಕೆನ್ನೆಯಲ್ಲಿ ಸೂಜಿ ಹೋಗುವ ಜಾಗಕ್ಕಷ್ಟೇ ಒಂದು ಹನಿ ಮರಗಟ್ಟಿಸುವ ಔಷಧ. ಅಷ್ಟರಲ್ಲಿ ಅವಳು ಏನೋ ಕೇಳಲು ಬಾಯಿ ತೆರೆದಳು. ಗದರಿದೆ: "ಮಾತಾಡಬ್ಯಾಡ, ಅಲ್ಲಾಡಬ್ಯಾಡ. ನಾ ಮುಗೀತು ಅನ್ನೂತನಕ ತುಟಿ ಪಿಟ್ ಅನ್ನಬಾರದು."

ಮೊದಲ ಮೂರು ಮಿಲಿಲೀಟರ್ ಚೆನ್ನಾಗಿ ಹೋದವು. ಪ್ರತಿ ಸಲ ಸಿರಿಂಜಿನ ದಟ್ಟೆಯನ್ನು, ಅಂದರೆ ಹಿಂದಿನಿಂದ ತಳ್ಳುವ ಕಡ್ಡಿಯನ್ನು, ಹಿಂದೆ ಎಳೆದು ರಕ್ತ ಬರುವುದಿಲ್ಲವೆಂದು ನೋಡಿ, ಸೂಜಿಯನ್ನು ಹಿಂದೆ ಸರಿಸುತ್ತಾ ಚೂರುಚೂರೇ ಬಿಡುತ್ತಿದ್ದೆ. ನಾಲ್ಕನೆಯದರಲ್ಲಿ ದಟ್ಟೆ ಸಿಕ್ಕಿಬಿತ್ತು. ಕೊಬ್ಬಿನ ಗಂಟು ಸೂಜಿಯ ಬಾಯಿಗೆ ಅಡ್ಡ ಬಂದಿತ್ತು. ಆಗ ಸೂಜಿ ಹೊರಗೆ ತೆಗೆದು ಬದಲಾಯಿಸಬೇಕು. ನಾನು ಹೆಬ್ಬೆರಳಿನಿಂದ ಒತ್ತಿದೆ. ತಟಕ್ಕನೆ ಬಿಟ್ಟುಕೊಂಡು ಅಷ್ಟೂ ಒಂದೇ ಸಲಕ್ಕೆ ಒಳಗೆ ಹೋಯಿತು.

ಫಕ್ಕೀರವ್ವ ಅಲ್ಲಾಡಲಿಲ್ಲ, ಉಸಿರೆತ್ತಲಿಲ್ಲ. ಕೆನ್ನೆ ಹಳದಿಯೇ ಇತ್ತು. ಮುಂದಿನ ಸಿರಿಂಜಿಗೆ ಕೈ ಚಾಚಿದೆ. ಆಗ ಕಂಡಿತು: ಅವಳು ಮೇಲ್ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಉಸಿರು ತೆಗೆದುಕೊಳ್ಳಲು ತುಟಿಯನ್ನು ಬಿಟ್ಟಳು. ಬಲಭಾಗದ ಹಲ್ಲಿನ ಗುರುತುಗಳಲ್ಲಿ ಕೆಂಪು ಕೂಡಲೇ ತುಂಬಿಕೊಂಡಿತು. ಎಡಭಾಗ ಬೆಳ್ಳಗೇ ಉಳಿಯಿತು. ತುಟಿಯ ನಟ್ಟನಡುವೆ ಗೆರೆ ಎಳೆದ ಹಾಗೆ, ಅರ್ಧ ಕೆಂಪು, ಅರ್ಧ ಸುಣ್ಣ.

ಸಿರಿಂಜ್ ಟ್ರೇಗೆ ಎಸೆದೆ. "ಎಣ್ಣಿ ತಗೊಂಬಾ, ಕೊಬ್ಬರಿ ಎಣ್ಣಿ!" ಎಂದು ಸಿಸ್ಟರಿಗೆ ಕೂಗಿದೆ. ಸಾಬೂನಿಗೆ ಬಿಡದ ಅರಿಶಿನ ಎಣ್ಣೆಗೆ ಬಿಟ್ಟಿತು. ಕೆಳಗೆ ಮೂಗಿನ ಪಕ್ಕದಿಂದ ಬಾಯಿಯ ಮೂಲೆಯವರೆಗೆ ರಕ್ತವಿಲ್ಲದ ಚರ್ಮ, ಬಲೆ ಹರವಿದಂತೆ ಬಿಳಿಚಿಕೊಂಡಿತ್ತು. ಅರಿಶಿನದ ಮರೆಯಲ್ಲಿ ಅದು ಎಷ್ಟು ಹೊತ್ತಿನಿಂದ ಹಾಗಿತ್ತೋ ದೇವರೇ ಬಲ್ಲ.

ಗೋಡೆ ಗಡಿಯಾರ ಹತ್ತೂ ನಲವತ್ತು ತೋರಿಸುತ್ತಿತ್ತು. ಮೊದಲು ಕಣ್ಣು. ಬಲಗಣ್ಣು ಮುಚ್ಚಿಸಿ, ಪಟ್ಟಿ ಕಟ್ಟುವ ಗಾಜ್ ಬಟ್ಟೆಯ ತುಂಡನ್ನು ಎಡಗಣ್ಣಿನ ಮುಂದೆ ಹಿಡಿದೆ. "ಇದರಾಗ ಎಷ್ಟ ಎಳಿ ಅದಾವ, ಎಣಸು."

ಅವಳು ಎಣಿಸತೊಡಗಿದಳು. ನಾನು ಬೆಚ್ಚನೆಯ ಬಟ್ಟೆ ಒತ್ತುತ್ತಾ, ಮೂಗಿನ ಪಕ್ಕದಿಂದ ಕೆಳಮುಖವಾಗಿ ಕೆನ್ನೆ ತಿಕ್ಕುತ್ತಾ, ನಡುನಡುವೆ ತುಟಿ ಒತ್ತಿ ಬಿಟ್ಟು ನೋಡುತ್ತಿದ್ದೆ. ಆಸ್ಪಿರಿನ್ ಮಾತ್ರೆ ಕೊಟ್ಟೆ. ಅಷ್ಟು ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ. ಮೂವತ್ತೊಂದು, ಮೂವತ್ತೆರಡು, ಅವಳ ದನಿ ನಡುಗುತ್ತಿರಲಿಲ್ಲ. ಒಂದು ತುಂಡು ಮುಗಿದರೆ ಇನ್ನೊಂದು ಕೊಟ್ಟೆ. ಅತ್ತೆ ಬಾಗಿಲಲ್ಲಿ ಕೈಮುಗಿದು ನಿಂತಿದ್ದಳು.

ಹನ್ನೊಂದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ತುಟಿಯ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಕಾಣಿಸಿತು. ಭ್ರಮೆ ಇರಬೇಕೆಂದು ಒತ್ತಿ ಬಿಟ್ಟೆ. ಹೋಗಿ ತಿರುಗಿ ಬಂತು. ಆಮೇಲೆ ಅದು ನಿಲ್ಲಲೇ ಇಲ್ಲ. ತುಟಿಯುದ್ದಕ್ಕೂ ಹರಿಯಿತು, ವಸಡಿಗೆ ಇಳಿಯಿತು, ಮೂಗಿನ ಪಕ್ಕ ಏರಿತು. ಒಂದು ದಾರಿ ಮುಚ್ಚಿದರೆ ಬಲಗಡೆಯಿಂದ, ಕೆಳಗಿನಿಂದ, ನಾನು ಹೆಸರು ಬಾಯಿಪಾಠ ಮಾಡಿದ್ದ, ಮಾಡದೇ ಇದ್ದ ಎಷ್ಟೋ ಸಣ್ಣ ದಾರಿಗಳಿಂದ ರಕ್ತ ಹುಡುಕಿಕೊಂಡು ಬರುತ್ತಿತ್ತು. ಅಬ್ಬಾ! ಅಂಥದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪರೀಕ್ಷೆಗೆಂದು ಬರೆದ ನಾಳಗಳ ಚಿತ್ರಗಳೆಲ್ಲ ನನ್ನ ಬೆರಳ ಕೆಳಗೆ ಬೆಚ್ಚಗೆ ಜೀವ ಪಡೆಯುತ್ತಿದ್ದವು. ಹನ್ನೊಂದೂ ಎರಡಕ್ಕೆ ಎರಡೂ ಕಡೆ ಒಂದೇ ಬಣ್ಣ. ಇಪ್ಪತ್ತೆರಡು ನಿಮಿಷ. ಸಿಸ್ಟರ್ ಎದುರಿಗೇ ನಾನು ಅತ್ತುಬಿಟ್ಟೆ.

ಕೊಬ್ಬು ನಾಳದೊಳಗೇ ಹೋಗಿತ್ತೋ, ಹೊರಗಿನಿಂದ ಒತ್ತಿತ್ತೋ, ಇವತ್ತಿಗೂ ಹೇಳಲಾರೆ. ಮೂರು ದಿನ ಅವಳನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡು ಕಣ್ಣು, ಕೆನ್ನೆ ನೋಡಿದೆ. ಮೂಗಿನ ಪಕ್ಕ ಸಣ್ಣದೊಂದು ಹಕ್ಕಳೆ ಎದ್ದು ಉದುರಿತು, ಅಷ್ಟೇ. ಊರಿಗೆ ಹೊರಡುವ ದಿನ ಕೇಳಿದೆ: "ನೋವಾಗಲಿಲ್ಲೇನು ಆವಾಗ?"

"ಆತ್ರಿ. ಕಬ್ಬಿಣ ಕಾಸಿ ಇಟ್ಟಂಗ ಆತು, ಕಣ್ಣಿನ ತನಕಾ."

"ಮತ್ತ ಯಾಕ ಒದರಲಿಲ್ಲ?"

ಅವಳು ನನ್ನನ್ನೇ ನೋಡಿದಳು. "ನೀವಽ ತುಟಿ ಪಿಟ್ ಅನ್ನಬ್ಯಾಡ ಅಂದಿದ್ರೆಲ್ರೀ ಬಾಯಾರ."

ಕಣ್ಣೇ ಹೊಟ್ಟೆಪಾಡಾದ ಹೆಂಗಸು, ಕಣ್ಣಿನವರೆಗೆ ಉರಿ ಹತ್ತಿದರೂ, ಡಾಕ್ಟರ ಮಾತು ಮೀರಬಾರದೆಂದು ತುಟಿ ಕಚ್ಚಿ ಮಲಗಿದ್ದಳು. ಆ ತಾಳ್ಮೆಯ ಮುಂದೆ ನಾನೆಷ್ಟರವಳು?

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಮುಖದ ಇಂಜೆಕ್ಷನ್ನಿಗೆ ಹಿಂದಿನ ದಿನವೇ ಎಣ್ಣೆ ಹಚ್ಚಿ ಅರಿಶಿನ, ಪೌಡರು, ಸ್ನೋ ಎಲ್ಲ ತೆಗೆಸುತ್ತಿದ್ದೆ. ಚೂಪು ಸೂಜಿ ಬಿಟ್ಟು ಮೊಂಡು ತುದಿಯ ಕೊಳವೆ ತರಿಸಿದೆ. ದಟ್ಟೆ ಸಿಕ್ಕಿಕೊಂಡರೆ ಕೈ ತೆಗೆಯುವುದು, ಪ್ರತಿ ಚೂರಿಗೂ ನಿಂತು ಚರ್ಮದ ಬಣ್ಣ, ತುಟಿಯ ಒಳಬದಿ ನೋಡುವುದು. ತಡವಾಗುತ್ತದೆ, ಆಗಲಿ.

ನಾಲ್ಕು ತಿಂಗಳಿಗೆ ಕೊಬ್ಬು ಅರ್ಧಕ್ಕರ್ಧ ಕರಗಿತ್ತು, ಅದು ಸಹಜ. ಇನ್ನೊಮ್ಮೆ ಮಾಡುವ ಧೈರ್ಯ ನನಗಿರಲಿಲ್ಲ, ಹಾಗೆಂದು ಹೇಳಿಯೂಬಿಟ್ಟೆ. ಅವಳೇ ಬಿಡಲಿಲ್ಲ. "ಈಗ ಇಬ್ಬರು ನನ್ನ ಬಾಜೂ ಕುಂತು ಉಣ್ತಾರ್ರೀ. ಉಳದವ್ರು ಇನ್ನೂ ಅನುಮಾನ ಮಾಡಾಕತ್ತಾರ" ಎಂದಳು.

ಮೇಜಿನ ಮೇಲೆ ಮಲಗಿದಳು. ನಾನು ಕೊಳವೆ ಕೈಗೆತ್ತಿಕೊಂಡಾಗ ಮೆಲ್ಲಗೆ ಕೇಳಿದಳು: "ಬಾಯಾರ, ಈ ಸಲ ನೋವಾದ್ರ ಹೇಳ್ಲೇನ್ರಿ?"

"ಹೇಳವ್ವಾ" ಎಂದೆ. "ಓಣಿಗೆಲ್ಲ ಕೇಳಂಗ ಒದರು."

ಎರಡು ಸಲ ಹೇಳಿದಳು. ಎರಡು ಸಲವೂ ಕೈ ನಿಲ್ಲಿಸಿದೆ. ಮುಖದ ನಾಳಗಳ ಬಗ್ಗೆ ನಾನು ಪುಸ್ತಕದಲ್ಲಿ ಕಲಿತದ್ದು ಬಹಳ. ಆದರೆ ವೃತ್ತಿ ನನಗೆ ಕಲಿಸಿದ ಪಾಠ ಇದೊಂದೇ: ಆ ಮಂಗಳವಾರ ಫಕ್ಕೀರವ್ವನ ಕಣ್ಣಿಗೆ ನನ್ನ ಸೂಜಿಗಿಂತ ದೊಡ್ಡ ಅಪಾಯವಾಗಿದ್ದದ್ದು ನನ್ನ ಬಾಯಿ.