ಅಧ್ಯಕ್ಷರ ಗೇಟಿನ ಮುಂದೆ ಹಾಸು

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಉದ್ದದ ಎಳೆಗಳನ್ನೆಲ್ಲ ಬಯಲಿನಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಸಿಕ್ಕು ಬಿಡಿಸಿ, ಹರಿದ ಎಳೆಗೆ ಗಂಟು ಹಾಕಬೇಕು. ಅದನ್ನೇ ಹಾಸು ಎನ್ನುತ್ತೇವೆ. ಮನೆಯೊಳಗೆ ಅಷ್ಟುದ್ದ ಜಾಗ ಎಲ್ಲಿಂದ ತರುವುದು? ಕೆರೆ ದಂಡೆಯ ಬೇವಿನ ಮರಗಳ ಸಾಲೇ ನಮಗೆ ಗತಿ. ನಾನು ಸೊಸೆಯಾಗಿ ಬಂದಾಗ ಅತ್ತೆ ಮೊದಲು ಕಲಿಸಿದ್ದು, ಕಟ್ಟಿದ ಹಾಸನ್ನು ದಾಟಬಾರದು ಎಂದು. ಸುತ್ತಿಕೊಂಡು ಹೋಗಬೇಕು, ಇಲ್ಲವೇ ಕಾಯಬೇಕು.

ಆ ದಂಡೆಯಲ್ಲಿ ಪಾರ್ಕು ಮಾಡುತ್ತೇವೆ, ಜನರ ಅಭಿಪ್ರಾಯ ಬೇಕು ಎಂದು ಸಮುದಾಯ ಭವನದಲ್ಲಿ ಸಭೆ ಕರೆದರು. ಪಾರ್ಕು ಸಮಿತಿಯ ಅಧ್ಯಕ್ಷ ನಮ್ಮ ಬೀದಿಯವನೇ. ನೇಕಾರರ ಮನೆತನ, ಈಗ ಸೀರೆ ಅಂಗಡಿ. ಗೋಡೆಗೆ ದೊಡ್ಡ ನಕ್ಷೆ ಹಚ್ಚಿದ್ದರು. ಕೈಗೆ ಹಸಿರು ಚುಕ್ಕಿಯ ಸ್ಟಿಕ್ಕರ್ ಕೊಟ್ಟು, "ಎಲ್ಲಿ ಇಷ್ಟವೋ ಅಲ್ಲಿ ಅಂಟಿಸಿ" ಎಂದರು. ಅತ್ತೆ ನಕ್ಷೆಯಲ್ಲಿ ಬೇವಿನ ಸಾಲು ಹುಡುಕಿ, "ಇದಿ ಮನ ಚೋಟು" ಎಂದು ಮನೆಮಾತಿನ ತೆಲುಗಿನಲ್ಲಿ ಹೇಳುತ್ತಾ ನಮ್ಮ ಜಾಗದ ಮೇಲೆ ಅಂಟಿಸಿದರು. ಅವರನ್ನು ನೋಡಿ ಬೀದಿಯ ಹೆಂಗಸರೆಲ್ಲ ತಂತಮ್ಮ ಜಾಗ ಹಿಡಿದರು. ಬಸ್ಸಿನ ಸೀಟಿಗೆ ಟವೆಲ್ ಹಾಕಿದಷ್ಟು ಖುಷಿ ನಮಗೆ. ಅಲ್ಲಿ ಬರೆದದ್ದು ಸೆಲ್ಫಿ ಪಾಯಿಂಟಿನ ಚಿತ್ರ, ಚುಕ್ಕಿ ಅಂಟಿಸಿದರೆ ಅದು ಬೇಕು ಅಂದ ಹಾಗೆ ಎಂದು ಯಾರೂ ಬಾಯಿ ಬಿಡಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಚುಕ್ಕಿ ಬಿದ್ದದ್ದು ಅಲ್ಲೇ. ಮರಗಳ ನಡುವೆ ಸಿಮೆಂಟು ಸುರಿದು, ಸುತ್ತ ಕಂಬಿ ಬೇಲಿ ಹಾಕಿ, ಗೇಟಿಗೆ ಬೀಗ ಜಡಿದರು. ಕೇಳಲು ಹೋದರೆ ಅಧ್ಯಕ್ಷ ಹತ್ತು ಜನರ ಎದುರು ನಕ್ಕ. "ನೀವೇ ಅಂಟ್ಸಿದ್ದಲ್ಲೇನಮ್ಮಾ? ಕಣ್ಣು ಕಾಣ್ಸಲ್ಲ ಅಂದ್ರೆ ಮನೇಲಿರ್ಬೇಕಿತ್ತು." ಅತ್ತೆ ಸೆರಗು ಬಾಯಿಗಿಟ್ಟುಕೊಂಡು ವಾಪಸ್ ಬಂದರು. ಅವನಿಗೆ ಹಾಸು ಎಂದರೇನೆಂದು ಗೊತ್ತಿರಲಿಲ್ಲವೇ? ಅವನವ್ವ ಅದೇ ಬೇವಿನ ನೆರಳಲ್ಲಿ ಎಳೆ ಬಿಡಿಸಿದವಳು.

ಮಗಳ ಮದುವೆಯ ಧಾರೆ ಸೀರೆಯನ್ನು ಅವನ ಹೆಂಡತಿ ನೇಯಲು ನಮಗೇ ಒಪ್ಪಿಸಿದ್ದಳು. ಪಾರ್ಕಿನ ಉದ್ಘಾಟನೆಯ ದಿನ, ಬೆಳಗಿನ ತಂಪಿನಲ್ಲೇ, ಆ ಕೆಂಪು ರೇಷ್ಮೆಯ ಹಾಸನ್ನು ಹೊತ್ತು ತಂದು ಅವನ ಕಾಂಪೌಂಡಿನ ಈ ಮೂಲೆಯ ಕಂಬದಿಂದ ಆ ಮೂಲೆಯ ಕಂಬಕ್ಕೆ ಬಿಗಿದು ಕಟ್ಟಿದೆವು. ಗೇಟು ನಡುವೆ ಸಿಕ್ಕಿಕೊಂಡಿತು. ಬೀದಿಯ ಹೆಂಗಸರೂ ಕೈಜೋಡಿಸಿದರು.

ಬಿಳಿ ಪಂಚೆ ಉಟ್ಟು ಹೊರಬಂದವನು ಗೇಟಿನಲ್ಲೇ ನಿಂತ. "ಏನಮ್ಮಾ ಇದು? ತೆಗೀರಿ. ಚಳ್ಳಕೆರೆಯಿಂದ ದೊಡ್ಡೋರು ಬರ್ತಾ ಅವ್ರೆ."

"ನಿಮ್ಮ ಮಗಳ ಧಾರೆ ಸೀರೇದಣ್ಣಾ. ಹಾಸು ಹಾಕಾಕೆ ಬೇರೆ ಜಾಗ ಎಲ್ಲೈತೆ?" ಎಂದೆ.

ಅವನು ದಾಟಲು ಕಾಲೆತ್ತಿದ. ಒಳಗಿಂದ ಹೆಂಡತಿ ಕೂಗಿದಳು: "ದಾಟಿದ್ರೆ ನೋಡ್ರಿ! ಮಗಳ ಧಾರೆ ಸೀರೆ ಅದು!" ಎತ್ತಿದ ಕಾಲು ಕೆಳಗಿಟ್ಟ.

ನಾನು ಒಂದೊಂದೇ ಎಳೆಯನ್ನು ಬೆರಳಲ್ಲಿ ಸವರಿ, ಬೆಳಕಿಗೆ ಹಿಡಿದು ನೋಡುತ್ತಾ ಮುಂದೆ ಹೋದೆ. ಅವನ ಮೊಬೈಲು ಬಡಿದುಕೊಳ್ಳುತ್ತಲೇ ಇತ್ತು. ಬೆವರು ಒರೆಸಿಕೊಂಡ, ಅಮ್ಮಾ ತಾಯಿ ಎಂದ. ನನಗೆ ಅಂಥ ಸುಖ ಹಿಂದೆಂದೂ ಆಗಿರಲಿಲ್ಲ. ಕೆರೆಯ ಕಡೆಯಿಂದ ಬ್ಯಾಂಡು, ಆಮೇಲೆ ಚಪ್ಪಾಳೆ ಕೇಳಿಸಿತು. ಅವನಿಲ್ಲದೆಯೇ ಟೇಪು ಕತ್ತರಿಸಿದ್ದರು.

ಆಗ ಅವನು ಅತ್ತೆಯ ಕಡೆ ತಿರುಗಿ ಮೆತ್ತಗೆ, "ಬೆಳಗ್ಗೆ ಹೊತ್ತು ಪಾರ್ಕಿನ ಗೇಟು ತೆಗೆಸ್ತೀನಿ, ಅಲ್ಲೇ ಹಾಕ್ಕಳ್ರಿ" ಎಂದ. ಅತ್ತೆಯ ಮುಖ ಅರಳಿತು. "ಸಾಕು ಬಿಚ್ಚವ್ವ, ಪಾಪ ಹೋಗ್ಲಿ" ಎಂದರು ನನಗೆ.

"ತಡೀರಿ ಅತ್ತೆ, ಹರಿದಿರೋ ಎಳೆ ಭಾಳ ಅವೆ" ಎಂದೆ.

ಒಂದು ಎಳೆಯೂ ಹರಿದಿರಲಿಲ್ಲ.